ಗೌಜಲಮರಿಯ ಮೀಸಲು ನಾಣ್ಯ

ಹೊತ್ತು: ಸೂರ್ಯ ಮೂಡಿದ ವೇಳೆ. ಹವೆ: ಮಾಗಿಯ ಚಳಿ, ಹುಲ್ಲಿನ ಮೇಲೆ ಇಬ್ಬನಿ. ಹಾಜರಿದ್ದವರು: ಗೌಜಲಹಕ್ಕಿಯ ಮರಿ, ಗಡಗಡ ನಡುಗುವ ಅದರ ಪುಟ್ಟ ತಮ್ಮ, ಕಂಬಳಿ ಮಾರುವ ಕುರಿಯಜ್ಜಿ.

"ಒಂದು ಕಂಬಳಿಗೆ ಒಂದು ನಾಣ್ಯ," ಎಂದಳು ಕುರಿಯಜ್ಜಿ. "ಬಿಸಿಲು ನೆತ್ತಿಗೆ ಬಂದರೆ ನಾನು ಹೊರಟೆ."

ಗೌಜಲಮರಿ ಬಟ್ಟೆಯ ಗಂಟು ಬಿಚ್ಚಿತು. ಗಂಟಿನಲ್ಲಿ ನಾಣ್ಯವಿಲ್ಲ. ತಮ್ಮನ ಕಂಬಳಿಗೆಂದೇ ಎತ್ತಿಟ್ಟ ನಾಣ್ಯ ಅದು. ನಿನ್ನೆ ಅಳಿಲುಮರಿ ಕೈಗಡ ಕೇಳಿತ್ತು. ಗೌಜಲಮರಿ ಕೊಟ್ಟುಬಿಟ್ಟಿತ್ತು.

ಗೌಜಲಮರಿ ಅಳಿಲಿನ ಬಳಿಗೆ ಹೋಯಿತು.

"ಅಳಿಲಣ್ಣ, ಅಳಿಲಣ್ಣ, ನಾನು ನಿನಗೆ ಕೊಟ್ಟೆ. ನಾಣ್ಯ ಕೊಡು. ತಮ್ಮನಿಗೆ ಚಳಿ, ಕಂಬಳಿ ಬೇಕು."

"ನಾಳೆ ಕೊಡುತ್ತೇನೆ ಬಿಡು."

"ನಾಳೆ ಕುರಿಯಜ್ಜಿ ಇರುವುದಿಲ್ಲ."

ಅಳಿಲಿನ ಬಾಲ ತಗ್ಗಿತು. "ನನ್ನಲ್ಲಿಲ್ಲವಲ್ಲ. ಮೊಲ ಕೇಳಿತು, ಕೊಟ್ಟೆ."

ಗೌಜಲಮರಿ ಮೊಲದ ಬಳಿಗೆ ಹೋಯಿತು.

"ಮೊಲಣ್ಣ, ಮೊಲಣ್ಣ, ನಾನು ಅಳಿಲಿಗೆ ಕೊಟ್ಟೆ, ಅಳಿಲು ನಿನಗೆ ಕೊಟ್ಟಿತು. ನಾಣ್ಯ ಕೊಡು. ತಮ್ಮನಿಗೆ ಚಳಿ, ಕಂಬಳಿ ಬೇಕು."

"ನೋಡು, ಕಿವಿ ಉದ್ದ, ಕೈ ಖಾಲಿ," ಎಂದಿತು ಮೊಲ. "ಮುಂಗುಸಿ ಕೇಳಿತು, ಕೊಟ್ಟೆ."

ಗೌಜಲಮರಿ ಮುಂಗುಸಿಯ ಬಳಿಗೆ ಹೋಯಿತು.

"ಮುಂಗುಸಿಯಣ್ಣ, ಮುಂಗುಸಿಯಣ್ಣ, ನಾನು ಅಳಿಲಿಗೆ ಕೊಟ್ಟೆ, ಅಳಿಲು ಮೊಲಕ್ಕೆ ಕೊಟ್ಟಿತು, ಮೊಲ ನಿನಗೆ ಕೊಟ್ಟಿತು. ನಾಣ್ಯ ಕೊಡು. ತಮ್ಮನಿಗೆ ಚಳಿ, ಕಂಬಳಿ ಬೇಕು."

"ಹಾವು ಕೇಳು, ಹಿಡಿದು ಕೊಡುತ್ತೇನೆ. ನಾಣ್ಯ ಕೇಳಬೇಡ. ಆಮೆ ಕೇಳಿತು, ಕೊಟ್ಟೆ."

ಬಿಸಿಲು ಏರುತ್ತಿತ್ತು. ಗೌಜಲಮರಿ ಆಮೆಯ ಬಳಿಗೆ ಓಡಿತು. ಆಮೆ ಬೆಲ್ಲದ ಅಂಗಡಿಯ ಮುಂದೆ ನಿಂತಿತ್ತು.

"ಆಮೆಯಣ್ಣ, ಆಮೆಯಣ್ಣ, ನಾನು ಅಳಿಲಿಗೆ ಕೊಟ್ಟೆ, ಅಳಿಲು ಮೊಲಕ್ಕೆ ಕೊಟ್ಟಿತು, ಮೊಲ ಮುಂಗುಸಿಗೆ ಕೊಟ್ಟಿತು, ಮುಂಗುಸಿ ನಿನಗೆ ಕೊಟ್ಟಿತು. ನಾಣ್ಯ ಕೊಡು. ತಮ್ಮನಿಗೆ ಚಳಿ, ಕಂಬಳಿ ಬೇಕು."

"ಅದು ಹೊಟ್ಟೆಯಲ್ಲಿದೆ, ಬೆಲ್ಲವಾಗಿ," ಎಂದಿತು ಆಮೆ. "ಇಂದು ಜೀರುಂಡೆಗಳನ್ನು ಹೊಳೆ ದಾಟಿಸಿದೆ. ಎರಡು ನಾಣ್ಯ ಕೂಲಿ ಬಂತು. ಇವೂ ಬೆಲ್ಲಕ್ಕೇ."

ಪಕ್ಕದಲ್ಲಿ ಇರುವೆಮರಿ ಇತ್ತು. ಆಮೆಯ ಓರಗೆಯದೇ, ಆದರೆ ಕೈಬಿಗಿ. ಅದು ಆಮೆಗೆ ತನ್ನ ಬಟ್ಟೆಯ ಚುಂಗು ತೋರಿತು. ಚುಂಗಿನಲ್ಲಿ ಎರಡು ಗಂಟು.

"ಇದು ಮೀಸಲು ಗಂಟು. ಇದು ಖರ್ಚಿನ ಗಂಟು. ಮೊದಲು ಮೀಸಲು ಕಟ್ಟು, ಆಮೇಲೆ ಖರ್ಚು ಕಟ್ಟು. ತಿನ್ನುವುದು, ಕೈಗಡ ಕೊಡುವುದು, ಎಲ್ಲ ಖರ್ಚಿನ ಗಂಟಿನಿಂದ. ಸಾಲ ತೀರಿಸುವುದು ಮೀಸಲಿನಿಂದ. ಕಟ್ಟು, ನೋಡೋಣ."

ಆಮೆ ಕಟ್ಟಿತು. ಗಂಟು ಜಾರಿತು. ಇರುವೆ ಬಿಚ್ಚಿಸಿ ಮತ್ತೆ ಕಟ್ಟಿಸಿತು.

"ಮೀಸಲಿನ ನಾಣ್ಯ ನೇರವಾಗಿ ನನಗೇ ಕೊಡಬಾರದೇ?" ಎಂದಿತು ಗೌಜಲಮರಿ. "ತಮ್ಮ ಚಳಿಯಲ್ಲಿದ್ದಾನೆ."

"ಪಾಪ, ಬಲ್ಲೆ," ಎಂದಿತು ಇರುವೆ. "ಆದರೆ ಕೊಟ್ಟವರಿಗೇ ಮರಳಿಸದಿದ್ದರೆ ಉಳಿದವರು ಕಲಿಯುವುದು ಯಾವಾಗ? ಬಾ, ಎಲ್ಲರೂ ಓಡೋಣ."

ಎಲ್ಲರೂ ಓಡಿದರು. ಆಮೆಯನ್ನು ಉರುಳಿಸಿಕೊಂಡು ಓಡಿದರು.

ಆಮೆ ಮುಂಗುಸಿಗೆ ನಾಣ್ಯ ಕೊಟ್ಟಿತು, ಎರಡು ಗಂಟು ಕಲಿಸಿತು. ಮುಂಗುಸಿ ಮೊಲಕ್ಕೆ ನಾಣ್ಯ ಕೊಟ್ಟಿತು, ಎರಡು ಗಂಟು ಕಲಿಸಿತು. ಮೊಲ ಅಳಿಲಿಗೆ ನಾಣ್ಯ ಕೊಟ್ಟಿತು, ಎರಡು ಗಂಟು ಕಲಿಸಿತು. ಅಳಿಲು ಗೌಜಲಮರಿಗೆ ನಾಣ್ಯ ಕೊಟ್ಟಿತು, ಎರಡು ಗಂಟು ಕಲಿಸಿತು.

ಗೌಜಲಮರಿ ಕುರಿಯಜ್ಜಿಯ ಬಳಿಗೆ ಹಾರಿತು, ಉಳಿದವರೂ ಹಿಂದೆಯೇ ಬಂದರು. ಅಜ್ಜಿ ಆಗಲೇ ಹೊರೆ ಎತ್ತಿದ್ದಳು. ನಾಣ್ಯ ಕಂಡು ಇಳಿಸಿದಳು. ನಡೆದುದನ್ನೆಲ್ಲ ಕೇಳಿದಳು. ಪುಟ್ಟ ತಮ್ಮನನ್ನು ಕಂಬಳಿಯಲ್ಲಿ ಸುತ್ತಿದಳು. ಅನಂತರ ಎಲ್ಲರಿಗೂ ಕೇಳುವಂತೆ ತೀರ್ಪು ಹೇಳಿದಳು:

"ಕೈಗಡ ಕೊಟ್ಟದ್ದು ತಪ್ಪಲ್ಲ. ತಮ್ಮನ ಮೀಸಲಿನಿಂದ ಕೊಟ್ಟದ್ದು ತಪ್ಪು. ನಾಣ್ಯ ಒಂದೇ, ತೀರಿದ ಸಾಲ ನಾಲ್ಕು. ಕಂಬಳಿ ತಮ್ಮನದು."