ಅಜ್ಜನವರು ಮರಳಿ ಕೊಟ್ಟ ಹುಂಜ

ಪೂಜ್ಯ ಬಯಲಯ್ಯಜ್ಜನವರು ಮಠ ಕಟ್ಟಿಸಲಿಲ್ಲ, ಗದ್ದುಗೆ ಏರಲಿಲ್ಲ. ಕಲ್ಲಹಾಳಿನ ಹೊರಗೆ, ಬೆಂಕಿ ಆರಿ ಎಷ್ಟೋ ವರ್ಷಗಳಾಗಿದ್ದ ಸುಣ್ಣದ ಗೂಡಿನ ಪಕ್ಕದಲ್ಲಿ ತಗಡು ಹೊದಿಸಿದ ಒಂದು ಕೋಣೆ, ಎದೆಮಟ್ಟದ ಕಲ್ಲುಗೋಡೆ ಸುತ್ತಿದ ಅಂಗಳ, ಒಂದು ಬೇವಿನ ಮರ. ಅವರ ಸಂಸ್ಥಾನವೆಂದರೆ ಇಷ್ಟೇ. ಬೇರೆ ಸಂಸ್ಥಾನಗಳಲ್ಲಿ ಆನೆ ಕುದುರೆ ಇದ್ದಾವು. ಇಲ್ಲಿ ಇದ್ದದ್ದು ಹುಂಜಗಳು. ಒಂದೆರಡಲ್ಲ, ಮೂವತ್ತು ನಲವತ್ತು. ಊರ ಜನ ಅದಕ್ಕೆ ಹುಂಜಗಳ ಮಠವೆಂದು ಹೆಸರಿಟ್ಟು ನಗುತ್ತಿದ್ದರು. ಅಜ್ಜನವರ ಕಿವಿಗೂ ಅದು ಬಿದ್ದಿತ್ತು. ನಮ್ಮ ಶಿಷ್ಯರು ನಸುಕಿನಲ್ಲಿ ತಪ್ಪದೆ ಏಳುತ್ತಾರೆ, ಉಳಿದ ಮಠಗಳಲ್ಲಿ ಅದೂ ಕಾಣೆ ಎಂದು ಅವರೂ ನಕ್ಕರಂತೆ.

ಕೋಳಿ ಸಾಕಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಕಾವಿಗೆ ಇಟ್ಟ ಹನ್ನೆರಡು ಮೊಟ್ಟೆಗಳಲ್ಲಿ ಎಷ್ಟು ಹುಂಜ, ಎಷ್ಟು ಹ್ಯಾಟೆ ಎಂಬುದು ದೇವರಿಗೇ ಗೊತ್ತು. ಹತ್ತು ಹ್ಯಾಟೆಗೆ ಒಂದು ಹುಂಜವಿದ್ದರೆ ಹಿತ್ತಲು ತಣ್ಣಗಿರುತ್ತದೆ. ನಾಲ್ಕಾದವೋ, ಮುಗಿಯಿತು ಕಥೆ. ಹ್ಯಾಟೆಗಳ ಬೆನ್ನಿನ ಪುಕ್ಕ ಕಿತ್ತುಹೋಗಿ ಚರ್ಮ ಕಾಣತೊಡಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಹುಂಜಗಳು ಒಂದರ ಮೇಲೊಂದು ಬಿದ್ದು ನೆತ್ತರು ಹರಿಸುತ್ತವೆ. ಹೆಚ್ಚಾದವಕ್ಕೆ ಸಂತೆ ಇಲ್ಲವೇ ಸಾರು, ಎರಡೇ ದಾರಿ. ಕೈಯಾರೆ ನುಚ್ಚು ಹಾಕಿ ಬೆಳೆಸಿದ್ದನ್ನು ಕೊಯ್ಯಲು ಮನಸ್ಸು ಬಾರದ ಹೆಣ್ಣುಮಕ್ಕಳಿಗೆ ಅಜ್ಜನವರು ಮೂರನೆಯ ದಾರಿ ತೆರೆದರು, ಹೆಚ್ಚಾದದ್ದನ್ನು ಇಲ್ಲಿಗೆ ತನ್ನಿ ಎಂದರು. ಕಟ್ಟಳೆ ಎರಡೇ. ಹ್ಯಾಟೆಯನ್ನು ತರಬಾರದು, ಮನೆಗೆ ಬೇಕಾದ ಹುಂಜವನ್ನೂ ತರಬಾರದು. ಹ್ಯಾಟೆ ಕಣ್ಣಿಗೆ ಬೀಳದಿದ್ದರೆ ಹುಂಜಗಳಿಗೆ ಕಾದಾಡಲು ಕಾರಣವೇ ಇರುವುದಿಲ್ಲ. ಆ ಅಂಗಳದಲ್ಲಿ ಅವು ಅಣ್ಣತಮ್ಮಂದಿರಿಗಿಂತ ಚೆನ್ನಾಗಿ ಹೊಂದಿಕೊಂಡು ಬಾಳುತ್ತಿದ್ದವು.

ಆ ಗೋಡೆಯ ಹೊರಗೆ ಅಮಾವಾಸ್ಯೆಗೊಮ್ಮೆ ಬುಟ್ಟಿ ಹೊತ್ತು ಬಂದು ನಿಲ್ಲುತ್ತಿದ್ದವಳು ಹುಲಿಗೆವ್ವ. ಮೂಡಲಿಗೆ ಎರಡು ಮೈಲಿ ದೂರದ ಮುದುಗಟ್ಟಿಯವಳು. ಮೂವರು ಅಣ್ಣಂದಿರ ಬೆನ್ನಿಗೆ ಹುಟ್ಟಿದ ಒಬ್ಬಳೇ ಮಗಳನ್ನು ಹೊರಗೆ ಕೊಡಲಾರದೆ ಅವಳ ತಂದೆ, ತಬ್ಬಲಿಯಾಗಿದ್ದ ತನ್ನ ಅಕ್ಕನ ಮಗ ಗ್ಯಾನಪ್ಪನಿಗೆ ಮದುವೆ ಮಾಡಿ, ಇಬ್ಬರನ್ನೂ ಮನೆಯಲ್ಲೇ ಇರಿಸಿಕೊಂಡಿದ್ದ. ತಂದೆ ಇರುವತನಕ ಎಲ್ಲವೂ ನೆಟ್ಟಗಿತ್ತು. ಆಮೇಲೆ ಮನೆಅಳಿಯನ ಪಾಡು ಏನೆಂಬುದನ್ನು ನಾವು ಹೇಳುವುದಕ್ಕಿಂತ ಮನೆಅಳಿಯನನ್ನೇ ಕೇಳಬೇಕು. ಗ್ಯಾನಪ್ಪ ಮಾತು ಕಡಿಮೆ, ದುಡಿಮೆ ಹೆಚ್ಚು ಎನ್ನುವ ಜಾತಿಯವನು. ಹಾಗಾಗಿ ಅವನು ದುಡಿದದ್ದು ಯಾರಿಗೂ ಕಾಣಲಿಲ್ಲ.

ಹಿಂದಿನ ವರ್ಷದ ಸೀಗೆ ಹುಣ್ಣಿಮೆಯ ಮಾರನೆಯ ದಿನ ಹಿತ್ತಲಿನಲ್ಲಿ ಐದು ಹುಂಜಗಳು ಕೂಡಿಬಿಟ್ಟಿದ್ದವು. ಒಂದನ್ನು ಉಳಿಸಿಕೊಂಡು ನಾಲ್ಕನ್ನು ಸಂತೆಗೆ ಒಯ್ಯಬೇಕು. ಹಿರಿಯಣ್ಣ ದುರುಗಪ್ಪ ಒಂದೊಂದನ್ನೇ ಎತ್ತಿ ತೂಕ ನೋಡುತ್ತಿದ್ದ. ವರ್ಷವಿಡೀ ಅವಕ್ಕೆ ಕಾಳು ಹಾಕಿದವನು ಗ್ಯಾನಪ್ಪ. ತೂಕ ನೋಡಬೇಡಿ, ಹ್ಯಾಟೆಗಳನ್ನು ಹರಿಯದೆ ಬಾಳಿಸುವಂಥದನ್ನು ಇಟ್ಟುಕೊಳ್ಳಿ ಎಂದ. ಬುದ್ಧಿಯ ಮಾತೇ. ಆದರೆ ದುರುಗಪ್ಪ ತಲೆಯನ್ನೂ ಎತ್ತಲಿಲ್ಲ.

"ಕೋಳೀನ ಕೇಳಿ ಯಾರರ ಖಾರ ಅರೀತಾರೇನೋ ಅಳಿಯಾ?" ಎಂದ.

ಹಿತ್ತಲಿಗೆ ಹಿತ್ತಲೇ ಗೊಳ್ಳೆಂದಿತು. ಒಲೆಯ ಬೂದಿ ಚೆಲ್ಲಲು ಬಂದಿದ್ದ ಹುಲಿಗೆವ್ವನೂ ನಕ್ಕಳು. ಕೆಟ್ಟ ಮನಸ್ಸಿನಿಂದಲ್ಲ, ನಗು ಬಂತು, ನಕ್ಕಳು. ಗ್ಯಾನಪ್ಪ ಉಳಿದವರ ಕಡೆ ನೋಡಲಿಲ್ಲ, ಅವಳ ಕಡೆ ಒಮ್ಮೆ ನೋಡಿದ. ನಾಲ್ಕು ಹುಂಜಗಳನ್ನು ಬುಟ್ಟಿಗೆ ಹಾಕಿಕೊಂಡು ಹೊರಟ. ಸಂತೆಗೆ ಹೋಗಲೇ ಇಲ್ಲ. ಸುಣ್ಣದ ಗೂಡಿಗೆ ಹೋಗಿ, ಹೆಚ್ಚಾದವುಗಳನ್ನು ತಂದಿದ್ದೇನೆ ಎಂದು ಅಜ್ಜನವರ ಮುಂದೆ ಬುಟ್ಟಿ ಇಳಿಸಿ, ತಾನೂ ಅಲ್ಲೇ ಉಳಿದ. ಹೊಟ್ಟೆ ಚುರುಗುಟ್ಟಿದರೆ ತಾನೇ ಬರುತ್ತಾನೆ ಬಿಡು ಎಂದರು ಅಣ್ಣಂದಿರು. ಬರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಹುಲಿಗೆವ್ವ ನೆರೆಮನೆಯವರ ಹೆಚ್ಚಾದ ಹುಂಜವೊಂದನ್ನು ಬೇಡಿ ಹೊತ್ತುಕೊಂಡು ಹೋದಳು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಕೂಡಿಸಿಕೊಂಡಿದ್ದಳು. ಗೋಡೆಯ ಆಚೆಯಿಂದ ಬಂದವನು ಗಂಡನೇ. ಹುಂಜವನ್ನು ಜೋಪಾನವಾಗಿ ಇಸಿದುಕೊಂಡು, ಅಲ್ಲಿಗೆ ಬರುವ ಎಲ್ಲ ಹೆಣ್ಣುಮಕ್ಕಳಿಗೆ ಹೇಳುವಂತೆ, "ಆತು ತಾಯಿ, ಹೋಗಿ ಬರ್ರಿ" ಎಂದ. ಎಂಟು ವರ್ಷ ಒಂದೇ ಕೌದಿಯಲ್ಲಿ ಮಲಗಿದವಳಿಗೆ ತಾಯಿ ಎಂದ! ಕೂಡಿಸಿಕೊಂಡ ಮಾತೆಲ್ಲ ಗಂಟಲಲ್ಲೇ ಸಿಕ್ಕಿಕೊಂಡಿತು. ತಪ್ಪಾಯಿತು ಎಂಬುದು ಎಷ್ಟು ಸಣ್ಣ ಮಾತು, ಅದನ್ನು ನುಂಗಿದವರಿಗೇ ಅದರ ಗಾತ್ರ ಗೊತ್ತು.

ಹೀಗೇ ತಿಂಗಳುಗಳು ಕಳೆದವು. ಅಣ್ಣಂದಿರ ಮನೆಯ ಅನ್ನ ಅವಳಿಗೆ ರುಚಿಸದಾಯಿತು. ತಂದೆ ಕೊಟ್ಟಿದ್ದ ತುಂಡು ಹೊಲದ ಗುಡಿಸಲಿಗೆ ಗ್ಯಾನಪ್ಪನ ಮೆಚ್ಚಿನ ಕರಿ ಹ್ಯಾಟೆಯೂ ಸೇರಿ ಆರು ಹ್ಯಾಟೆ, ಒಂದು ಹುಂಜ ಕಟ್ಟಿಕೊಂಡು ಬೇರೆ ಬಂದಳು. ಕೌದಿಯ ಅರ್ಧವನ್ನು ಖಾಲಿ ಬಿಟ್ಟೇ ಮಲಗುತ್ತಿದ್ದಳು. ಗಾಳಿ ಪಡುವಲಿಂದ ಬೀಸಿದ ನಸುಕಿನಲ್ಲಿ ಸುಣ್ಣದ ಗೂಡಿನ ಹುಂಜಗಳ ಕೂಗು ಸಣ್ಣಗೆ ತೇಲಿ ಬರುತ್ತಿತ್ತು. ಈ ಕೂಗಿಗೆ ನಮ್ಮವರೂ ಎದ್ದಿದ್ದಾರು, ಮುಖ ತೊಳೆಯುತ್ತಿದ್ದಾರು ಎಂದುಕೊಂಡು ಅವಳೂ ಏಳುತ್ತಿದ್ದಳು. ದಿನದಲ್ಲಿ ಆ ಒಂದು ಗಳಿಗೆ ತಾವಿಬ್ಬರೂ ಒಂದೇ ಮನೆಯಲ್ಲಿ ಇದ್ದ ಹಾಗೆ ಅವಳಿಗೆ ಅನಿಸುತ್ತಿತ್ತು. ಗಾಳಿ ತಿರುಗಿದ ದಿನ ಅದೂ ಇಲ್ಲ. ಆ ದಿನ ಅವಳಿಗೆ ಕೆಲಸವೇ ಸಾಗುತ್ತಿರಲಿಲ್ಲ.

ಆಷಾಢದಲ್ಲಿ ಸುದ್ದಿ ಬಂತು. ಶ್ರಾವಣದ ಮೊದಲ ಸೋಮವಾರ ಅಜ್ಜನವರು ಗ್ಯಾನಪ್ಪನಿಗೆ ಕಾವಿ ಕೊಡುತ್ತಾರಂತೆ, ತಮ್ಮ ಹಿಂದೆ ಆ ಜಾಗವನ್ನು ನೋಡಿಕೊಳ್ಳುವವನು ಅವನೇ ಅಂತೆ. ಕಾವಿ ಉಟ್ಟವನಿಗೆ ಹೆಂಡತಿ ಎಲ್ಲಿಯವಳು? ಉಳಿದದ್ದು ನಾಗರ ಅಮಾವಾಸ್ಯೆ ಒಂದೇ. ಹುಲಿಗೆವ್ವ ಮನೆಮನೆ ತಿರುಗಿದಳು. ಊರಲ್ಲಿ ಹೆಚ್ಚಾದ ಹುಂಜ ಒಂದೂ ಉಳಿದಿರಲಿಲ್ಲ, ಆಷಾಢದ ದೇವಿಯ ಪರವಿನ ಊಟಗಳಲ್ಲಿ ಎಲ್ಲ ಸಾರಾಗಿದ್ದವು. ಬರಿಗೈಯಲ್ಲಿ ಹೋಗಲು ಅವಳಿಗೆ ಧೈರ್ಯವಾಗಲಿಲ್ಲ. ಗುಡಿಸಲಿನ ಒಂದೇ ಒಂದು ಹುಂಜವನ್ನು ಹಿಡಿದು ಬುಟ್ಟಿಯಲ್ಲಿ ಮುಚ್ಚಿದಳು.

ಅಂದು ಅಜ್ಜನವರು ತಾವೇ ಅಂಗಳದಲ್ಲಿ ನಿಂತು ಜೋಳ ಎರಚುತ್ತಿದ್ದರು. ಗ್ಯಾನಪ್ಪ ಎಂದಿನಂತೆ ಬಂದ, ಇಸಿದುಕೊಂಡ, ಆತು ತಾಯಿ ಎಂದ, ಹುಂಜವನ್ನು ನೆಲಕ್ಕೆ ಬಿಟ್ಟ. ಹುಲಿಗೆವ್ವ ಹೋಗಲಿಲ್ಲ. ಗೋಡೆಯ ಮೇಲೆ ಕೈ ಊರಿ ನಿಂತೇ ಇದ್ದಳು. ಬೇರೆ ಹುಂಜಗಳೆಲ್ಲ ಜೋಳಕ್ಕೆ ಮುಗಿಬಿದ್ದು ಗಬಗಬ ನುಂಗುತ್ತಿದ್ದವು. ಹೊಸದು ಮಾತ್ರ ಒಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿ ಕೆಳಗಿಟ್ಟಿತು. ಟುಕ್ ಟುಕ್ ಎಂದು ಕರೆಯಿತು. ಅತ್ತ ಇತ್ತ ನೋಡಿತು. ಯಾರೂ ಬರಲಿಲ್ಲ. ಮತ್ತೆ ಎತ್ತಿತು, ಮತ್ತೆ ಇಟ್ಟಿತು, ಮತ್ತೆ ಕರೆಯಿತು. ಅಜ್ಜನವರ ಕೈ ನಿಂತಿತು. ಬಹಳ ಹೊತ್ತು ಅದನ್ನೇ ನೋಡಿ, ಹುಲಿಗೆವ್ವನನ್ನು ಒಳಗೆ ಕರೆದರು. ಮನೆಯಲ್ಲಿ ಇನ್ನೆಷ್ಟು ಹುಂಜಗಳಿವೆ ಎಂದು ಕೇಳಿದರು. ಅವರ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. ಇದೊಂದೇ ಎಂದಳು.

"ಇದು ಹೆಚ್ಚಾದದ್ದಲ್ಲವ್ವ," ಎಂದರು ಅಜ್ಜನವರು. "ತಾ ತಿನ್ನೋಕಿಂತ ಮೊದಲ ಯಾರನ್ನೋ ಕರೀತೈತಿ. ಇದಕ್ಕ ಮನಿ ಐತಿ."

ಹೇಳುತ್ತ ಅವರು ತಿರುಗಿ ನೋಡಿದ್ದು ಗ್ಯಾನಪ್ಪನನ್ನು. ಅವನು ತಲೆ ತಗ್ಗಿಸಿದ. ಈ ಹೆಂಗಸು ಯಾರೆಂದು ಅವರು ಕೇಳಲಿಲ್ಲ. ಹತ್ತು ತಿಂಗಳು ಕಾಣದ್ದು ಆ ಗಳಿಗೆಯಲ್ಲಿ ಅವರಿಗೆ ಕಂಡುಹೋಗಿತ್ತು.

"ಇವನೂ ರೊಟ್ಟಿ ಮುರದು, ಬಾಯಿಗಿಡೋ ಮೊದಲ ಮೂಡಲ ಕಡೆ ಒಂದೀಟು ನೋಡತಿದ್ದ. ನಾನು ಅದನ್ನ ಧ್ಯಾನ ಅನಕೊಂಡೆ." ಅಜ್ಜನವರು ಕೈಯಲ್ಲಿದ್ದ ಜೋಳವನ್ನು ಕೆಳಗಿಟ್ಟು, ಬುಟ್ಟಿ ಹಿಡಿದು ನಿಂತ ಆ ಹೆಣ್ಣುಮಗಳಿಗೆ ಎರಡೂ ಕೈ ಮುಗಿದರು. "ಬೇಕಾದದ್ದನ್ನ ಇಟ್ಟಕೊಂಡೆ, ಯವ್ವಾ. ನಂದು ತಪ್ಪಾತು."

ಮಹಾತ್ಮರ ಪವಾಡಗಳನ್ನು ನಾವು ಬಹಳ ಕೇಳಿದ್ದೇವೆ. ಅಜ್ಜನವರ ವಿಷಯದಲ್ಲಿಯೂ ಹಾವು ಇಳಿಸಿದ್ದು, ಜ್ವರ ಬಿಡಿಸಿದ್ದು ಎಂದು ಭಕ್ತರು ಎಷ್ಟೋ ಹೇಳುತ್ತಾರೆ. ಹುಲಿಗೆವ್ವನಿಗೆ ಇದರ ಮುಂದೆ ಅದೆಲ್ಲ ಏನೂ ಅಲ್ಲ. ನೂರಾರು ಜನ ಕಾಲಿಗೆ ಬೀಳುವ ಹಿರಿಯರು ತಪ್ಪಾಯಿತೆಂಬ ಮಾತನ್ನು ಇಷ್ಟು ಸಲೀಸಾಗಿ ಆಡಿಬಿಟ್ಟರಲ್ಲ! ಹತ್ತು ಅಮಾವಾಸ್ಯೆ ಅವಳ ಗಂಟಲಲ್ಲಿ ಸಿಕ್ಕಿದ್ದು ಆಗ ಹೊರಗೆ ಬಂತು.

"ಅವತ್ತು ನಾನೂ ನಕ್ಕಿದ್ದೆ," ಎಂದಳು ಗಂಡನಿಗೆ. "ನಂದು ತಪ್ಪಾತ್ರಿ."

ಅಷ್ಟು ಹೇಳಿ ಬೇವಿನ ಬುಡದಲ್ಲಿ ಕುಳಿತುಬಿಟ್ಟಳು. ಗ್ಯಾನಪ್ಪ ಅಜ್ಜನವರ ಪಾದ ಹಿಡಿದು ಅತ್ತ. ಸೋಮವಾರದ ಕಾವಿಯ ಮಾತೆತ್ತಿದಾಗ ಅಜ್ಜನವರು ಅವನ ತಲೆ ಸವರಿದರು. ಬೇಡವಾದೆನೆಂದು ತಿಳಿದು ಬಂದವನಿಗೆ ಕಾವಿ ಕೊಟ್ಟರೆ ಅದು ಬರಿಯ ಬಟ್ಟೆ ಎಂದರು, ಮನೆಗೆ ನಡೆ ಎಂದರು. ಅವನಷ್ಟು ಒಳ್ಳೆಯ ಶಿಷ್ಯ ಅವರಿಗೆ ಮತ್ತೆ ಸಿಗಲಿಲ್ಲ. ಅಂದಿನಿಂದ ಅಂಗಳವನ್ನು ಕಡೆಯವರೆಗೂ ಅವರೇ ಗುಡಿಸಿದರೆಂದು ಬಲ್ಲವರು ಹೇಳುತ್ತಾರೆ.

ಗಂಡ ಹೆಂಡತಿ ಹೊರಟರು. ಹುಂಜ ಗ್ಯಾನಪ್ಪನ ಕಂಕುಳಲ್ಲಿತ್ತು. ದಾರಿ ಒಡೆಯುವಲ್ಲಿ ಅವನು ಅಭ್ಯಾಸದಂತೆ ಭಾವಂದಿರ ಮನೆಯ ಕಡೆ ತಿರುಗಿದ. ಅವಳು ಸೆರಗು ಸರಿಪಡಿಸಿಕೊಳ್ಳುತ್ತ, ಆ ಮನೆ ಬಿಟ್ಟು ಹೊಲದ ಗುಡಿಸಲಿಗೆ ಬಂದು ನಾಲ್ಕು ತಿಂಗಳಾಯಿತು ಎಂದು ಹೇಳಿದಳು. ಅವನು ನಿಂತು ಅವಳ ಮುಖ ನೋಡಿದ, ಹೊಲದ ದಾರಿ ಹಿಡಿದ. ಹೊಲದ ಬದುವಿನ ಮೇಲೆ ಬಹಳ ದೂರ ನಡೆದ ಮೇಲೆ ಕೇಳಿದ.

"ಹುಲಿಗೀ, ಕರಿ ಹ್ಯಾಟಿ ಕಾವಿಗೆ ಕುಂತೈತೇನ?"

ಅವಳು ಕಣ್ಣೊರೆಸಿಕೊಂಡು, ಕುಂತೈತಿ, ಒಂಬತ್ತು ಮೊಟ್ಟೆ ಇಟ್ಟೀನಿ, ಎಂಟು ದಿನ ಆತು ಎಂದಳು. ಮರಿ ಒಡೆಯುವಾಗ ನೀವೂ ಇರುತ್ತೀರಲ್ಲವೇ ಎಂದು ಕೇಳಬೇಕೆನಿಸಿತು. ಮುಂದೆ ನಡೆಯುತ್ತಿದ್ದವನ ಬಲಗೈಯನ್ನು ನೋಡಿದಳು. ಅವನು ಒಂದೊಂದೇ ಬೆರಳು ಮಡಚುತ್ತ ಉಳಿದ ದಿನಗಳನ್ನು ಎಣಿಸುತ್ತಿದ್ದ.