ನೂರು ಕಡೆ ಕೇಳಿದ ತಂತಿ

ಕೌದಿ ಹೊಲಿಯುವ ಶಾವಂತ್ರೆವ್ವನ ಎದೆ ಕೂತಲ್ಲೇ ಓಡತೊಡಗುತ್ತಿತ್ತು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಆಕೆಗೆ ಸುಸ್ತು. ಆ ಓಟವನ್ನು ನಿಲ್ಲಿಸಲು ವೈದ್ಯರು ತೊಡೆಯ ರಕ್ತನಾಳದಿಂದ ಎರಡು ತಂತಿಗಳನ್ನು ಹೃದಯದೊಳಕ್ಕೆ ಕಳಿಸಿದರು. ಒಂದು ಬಡಿತದ ಜಾಡು ಹಿಡಿಯುವ ತಂತಿ, ಇನ್ನೊಂದು ತಪ್ಪು ಮಾಡಿದ ಜಾಗವನ್ನು ಸುಡುವ ತಂತಿ.

ಒಳಗೆ ಹೊಕ್ಕದ್ದೇ ಸುಡುವ ತಂತಿ ದಪ್ಪ ಗೋಡೆಯೊಂದನ್ನು ನೋಡಿ, "ಧಡಧಡ ಬಡಿದುಕೊಳ್ಳುತ್ತಿರುವವನು ಇವನೇ. ಸುಟ್ಟು ಹೊರಡೋಣ," ಎಂದಿತು.

"ತಡಿ ಮಾರಾಯ," ಎಂದಿತು ಜಾಡಿನ ತಂತಿ. "ಇವನು ದುಡಿಯುವವನು. ಇವನನ್ನು ಸುಟ್ಟರೆ ಆ ತಾಯಿ ಮತ್ತೆ ಸೂಜಿ ಹಿಡಿದಾಳೇ?" ಆಮೇಲೆ ಗೋಡೆಗೆ ಮೂತಿ ತಾಗಿಸಿ ಕೇಳಿತು: "ಅಣ್ಣಾ, ಈ ಬಡಿತ ನಿನಗೆ ಎಲ್ಲಿಂದ ಬಂತು?"

"ಪಕ್ಕದವನು ಅಲುಗಿಸಿದ, ನಾನು ಅಲುಗಿದೆ," ಎಂದಿತು ಗೋಡೆ.

ಪಕ್ಕದವನು ಆಚೆಯವನ ಕಡೆ ತೋರಿಸಿದ, ಅವನು ಮತ್ತೊಬ್ಬನ ಕಡೆ. ಯಾರ ಬಳಿಗೆ ಬಡಿತ ಮೊದಲು ಬಂತೋ ಅವರತ್ತಲೇ ಜಾಡಿನ ತಂತಿ ತೆವಳುತ್ತ ಹೋಯಿತು. ನೂರು ಕಡೆ ಕೇಳಿ ಕೇಳಿ ಅದರ ಮೈ ಸೋತುಹೋಯಿತು. ಕೊನೆಗೆ ಮೂಲೆಯೊಂದರಲ್ಲಿ ಸಾಸಿವೆಯಷ್ಟು ಜಾಗ ಮೆಲ್ಲಗೆ ಹೇಳಿತು: "ನನಗೆ ಯಾರೂ ಹೇಳಲಿಲ್ಲ. ಶುರು ಮಾಡುವವನು ನಾನೇ. ಹನ್ನೊಂದು ವರ್ಷವಾಯಿತು, ನಿಲ್ಲಿಸಲು ಬರುತ್ತಿಲ್ಲ. ನನಗೂ ಸಾಕಾಗಿದೆ."

ಸುಡುವ ತಂತಿ ಅಷ್ಟೇ ಜಾಗವನ್ನು ಮುಟ್ಟಿತು. ಓಟ ನಿಂತಿತು. ಮೇಜಿನ ಮೇಲೆ ಶಾವಂತ್ರೆವ್ವ ಉದ್ದಕ್ಕೆ ಉಸಿರು ಬಿಟ್ಟಳು.

"ಇಷ್ಟು ಚಿಕ್ಕ ಜಾಗಕ್ಕೆ ನೂರು ಕಡೆ ಅಲೆದೆಯಲ್ಲೋ!" ಎಂದು ನಕ್ಕಿತು ಸುಡುವ ತಂತಿ.

ಜಾಡಿನ ತಂತಿಗೆ ಮಾತಾಡುವ ತ್ರಾಣವೂ ಉಳಿದಿರಲಿಲ್ಲ. ಆದರೂ ಹೊರಗೆ ಜಾರುತ್ತ ಹೇಳಿತು: "ಆ ನೂರೂ ಸುಡದೆ ಉಳಿದವಲ್ಲಪ್ಪಾ."