ಬಾಗಿಲಿಲ್ಲದ ಗೋಡೆ

‘1987, ಫೆಬ್ರವರಿ 14, ಶನಿವಾರ. ಶ್ರೀಪತಿ ಬಂದಿದ್ದ. ಅಮ್ಮಾ, ದೇವರಿಗಾಗಿ ಜಾಗ ಹಿಡಿದರೆ ತಪ್ಪೇ ಎಂದು ಕೇಳಿದ.’

ತುಂಗಮ್ಮನವರ ಹಳೆಯ ದಿನಚರಿಯಲ್ಲಿ ಆ ದಿನಕ್ಕೆ ಇಷ್ಟೇ ಇದೆ. ಕೇಳಿದವನು ಅವರ ಜಗಲಿಯಲ್ಲೇ ಅಕ್ಷರ ಕಲಿತವನು, ಆಗ ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ. ತೊಡೆಯ ಮೇಲೆ ಒಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದ.

"ಯಾವ ಜಾಗ?" ಎಂದರು ತುಂಗಮ್ಮ.

"ನಮ್ಮ ಮೂಲೆ ಸೈಟು, ಅಮ್ಮಾ. ಚರ್ಚಿನವರೂ ಅರ್ಜಿ ಹಾಕಿದ್ದಾರೆ, ಮಸೀದಿಯವರೂ ಹಾಕಿದ್ದಾರೆ. ಯಾರಿಗೆ ಕೊಟ್ಟರೂ ತಲೆನೋವು ನಮಗೇ. ಅದಕ್ಕೇ ನಾಳೆ ಬೆಳಗಾಗುವುದರೊಳಗೆ ಅಲ್ಲಿ ಗಣಪತಿ ಇಟ್ಟುಬಿಡೋಣ ಅಂತ. ನೀವೊಮ್ಮೆ ಮುಟ್ಟಿ ಹರಸಿಕೊಡಿ."

ಅವನು ಚೀಲದ ಬಾಯಿ ಬಿಚ್ಚಿದ. ಒಳಗೆ ಕರಿಕಲ್ಲಿನ ಸಣ್ಣ ಗಣಪತಿ, ಎಣ್ಣೆ ಕುಡಿದು ಹೊಳೆಯುತ್ತಿತ್ತು. ತುಂಗಮ್ಮನವರಿಗೆ ಗುರುತು ಸಿಕ್ಕಿತು.

"ಇದು ನಿಮ್ಮಮ್ಮನ ದೇವರಮನೆಯದಲ್ಲವೇನೋ?"

"ಹೌದು. ಅಂಗಡಿಯಿಂದ ತಂದದ್ದಾದರೆ ನಗರಸಭೆಯವರು ಎತ್ತಿ ಲಾರಿಗೆ ಹಾಕುತ್ತಾರೆ. ತಲೆತಲಾಂತರದಿಂದ ಪೂಜೆಗೊಂಡದ್ದು ಅಂದರೆ ಯಾರು ಮುಟ್ಟುತ್ತಾರೆ?"

"ಅಮ್ಮನಿಗೆ ಹೇಳಿದ್ದೀಯಾ?"

"ಹೇಳಿದರೆ ಕೊಡುತ್ತಾರಾ!" ಎಂದು ಶ್ರೀಪತಿ ನಕ್ಕ.

ತುಂಗಮ್ಮ ನಗಲಿಲ್ಲ. ವಿಗ್ರಹವನ್ನು ಮುಟ್ಟಲೂ ಇಲ್ಲ. ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಂದು ಕಟ್ಟಳೆ ಇತ್ತು. ಹೂತ ಹೆಣವನ್ನು ಮತ್ತೆ ಯಾರೂ ಅಗೆದು ತೆಗೆಯುವಂತಿಲ್ಲ, ಆ ನೆಲವನ್ನು ಮಾರುವಂತಿಲ್ಲ. ಯಾರು ಹೂತರೋ ಆ ಜನಕ್ಕೇ ಆ ನೆಲ. ಸತ್ತವರು ನೆಮ್ಮದಿಯಿಂದ ಮಲಗಿರಲಿ ಎಂದು ಹಿಂದಿನವರು ಮಾಡಿದ ಕಟ್ಟಳೆ ಅದು.

ಹಲವು ಕಡೆಯ ಜನ ಬಂದು ನೆಲೆಸಿದ ಪಟ್ಟಣ. ಭಾನುವಾರ ಚರ್ಚು ತುಂಬಿ ಅರ್ಧ ಜನ ಬಿಸಿಲಲ್ಲಿ ನಿಲ್ಲುತ್ತಿದ್ದರು. ಶುಕ್ರವಾರ ಮಸೀದಿ ತುಂಬಿ ಅರ್ಧ ಜನ ಬೀದಿಯ ಧೂಳಲ್ಲಿ ಹಣೆ ಊರುತ್ತಿದ್ದರು. ಎರಡೂ ಕಡೆಯವರು ಜಾಗ ಕೇಳಿದರು. ಉಳಿದ ಜನಕ್ಕೆ ತಿರುವಿಗೊಂದು ಗುಡಿಯಿತ್ತು. "ಕೊಡಲಿ, ಯಾರು ಬೇಡ ಅಂದರು? ನಮ್ಮ ಬೀದಿಯಲ್ಲಿ ಮಾತ್ರ ಬೇಡ" ಎಂದರು. ಎಲ್ಲ ಬೀದಿಯವರೂ ಅದನ್ನೇ ಎಂದರು. ಅಧಿಕಾರಿ "ನೋಡೋಣ" ಎಂದ. ನೋಡುತ್ತಲೇ ಇದ್ದ.

ಕೊನೆಗೆ ಉಳಿದದ್ದು ಮೂಡಲ ಬಾಗಿಲಿನಾಚೆಯ ಒಂದು ಬಯಲು. ಅದರ ಮೇಲೆ ಇಬ್ಬರ ಕಣ್ಣೂ ಬಿತ್ತು. ಕೇಳಿದರೆ ಸಿಗುವುದಿಲ್ಲ ಎಂಬುದು ಅಷ್ಟರಲ್ಲಿ ಇಬ್ಬರಿಗೂ ತಿಳಿದಿತ್ತು. ಕಟ್ಟಳೆ ನೆನಪಾಯಿತು. ಎರಡೂ ಕಡೆಯ ಹಿರಿಯರು, ದೇವರ ಹೆಸರು ಹೇಳುತ್ತ, ತಮ್ಮವರಲ್ಲಿ ಒಬ್ಬರ ಸಾವಿಗಾಗಿ ಕಾದು ಕುಳಿತರು.

ರೊಟ್ಟಿ ಸುಟ್ಟು ಮಾರುವ ಒಬ್ಬ ಕ್ರೈಸ್ತ ತೀರಿಕೊಂಡ. ಅವನ ಒಬ್ಬಳೇ ಮಗಳು ಚಿಕ್ಕಂದಿನಲ್ಲೇ ಜ್ವರಕ್ಕೆ ಹೋಗಿ ಹಳೆಯ ಸಮಾಧಿಭೂಮಿಯಲ್ಲಿದ್ದಳು. ಅವಳ ಪಕ್ಕದ ನೆಲವನ್ನು ಗಂಡ ಹೆಂಡತಿ ಕಳೆ ಕಿತ್ತು ಚೊಕ್ಕವಾಗಿ ಇಟ್ಟುಕೊಂಡು ಬಂದಿದ್ದರು. ಹೆಂಡತಿ ಹೆಣದ ಬಳಿ ಕೂತಿದ್ದಾಗ ಚರ್ಚಿನ ಹಿರಿಯ ಬಂದ.

"ಇವನನ್ನು ಮೂಡಲ ಬಯಲಿನಲ್ಲಿ ಹೂಳೋಣಮ್ಮ. ದೇವರ ಮನೆಗೆ ಇವನೇ ಅಡಿಗಲ್ಲು."

"ಮಗಳ ಪಕ್ಕ ಮಲಗಿಸು ಅಂತ ಬಾಯಿಬಿಟ್ಟು ಹೇಳಿ ಹೋಗಿದ್ದಾರೆ."

"ಮಗಳು ಸ್ವರ್ಗದಲ್ಲಿ ಸಿಗುತ್ತಾಳೆ. ಜಾಗ ಹೋದರೆ ಸಿಗುತ್ತದೆಯೇ?"

"ಜಾಗ ಹಿಡಿಯಲು ಗೂಟ ಬೇಕಿದ್ದರೆ ಕಾಡಿಗೆ ಹೋಗಿ ಮರ ಕಡಿಯಿರಿ" ಎಂದಳು ಅವಳು. "ಹೆಣವೇ ಬೇಕಿದ್ದರೆ ನಿಮ್ಮಪ್ಪ ಹಾಸಿಗೆ ಹಿಡಿದಿದ್ದಾರಲ್ಲ, ಇನ್ನೊಂದು ತಿಂಗಳು ತಡೆಯಿರಿ."

ಹಿರಿಯ ಅವಳೊಂದಿಗೆ ಮತ್ತೆ ಮಾತಾಡಲಿಲ್ಲ. ಗಂಡಸರಿಗೆ ಕಣ್ಣಲ್ಲೇ ಹೇಳಿದ. ಪೆಟ್ಟಿಗೆ ಎತ್ತಿದರು. ದಾರಿ ಕವಲಾಗುವಲ್ಲಿ ಎಡಕ್ಕೆ ಮಗಳಿದ್ದಳು, ಬಲಕ್ಕೆ ಬಯಲು. ಪೆಟ್ಟಿಗೆ ಬಲಕ್ಕೆ ತಿರುಗಿತು. ಅವಳು ಕೂಗಿಕೊಂಡಳು. ಅವರು ಹಾಡನ್ನು ಜೋರು ಮಾಡಿದರು.

ಅದೇ ವಾರ, ಕುದುರೆಗಳಿಗೆ ಲಾಳ ಕಟ್ಟುವ ಒಬ್ಬ ಮುಸಲ್ಮಾನನ ತಾಯಿ ತೀರಿಕೊಂಡಳು. ಅಮ್ಮನಿಗೆ ಅಪ್ಪನ ಬಳಿ ಜಾಗವಿದೆ ಎಂದು ಅವನು ಅಂಗಲಾಚಿದ. "ಅವರು ಇಟ್ಟಾಯಿತು. ನಾವೇನು ಬಳೆ ತೊಟ್ಟು ಕೂತಿರಬೇಕೇ?" ಎಂದರು ಮಸೀದಿಯ ಹಿರಿಯರು. ಬಯಲಿನ ಇನ್ನೊಂದು ತುದಿಯಲ್ಲಿ ಅವರು ಹೂತು ಬಂದದ್ದು ಜೀವಮಾನವೆಲ್ಲ ಬಳೆ ತೊಟ್ಟು ದುಡಿದವಳನ್ನು.

ಆಮೇಲೆ ಎರಡು ಗೋರಿಗಳ ನಡುವೆ ಕಲ್ಲು ಹಾರಿದವು. ತಲೆಗಳು ಒಡೆದವು. ಉಳಿದ ಜನ ಮಾಳಿಗೆ ಹತ್ತಿ ನಿಂತು, "ನಾವು ಆಗಲೇ ಹೇಳಿರಲಿಲ್ಲವೇ?" ಎಂದರು. ಅಧಿಕಾರಿ ಬಂದು ಬಯಲಿನ ಸುತ್ತ ಆಳೆತ್ತರಕ್ಕೂ ಮೀರಿ ಗೋಡೆ ಕಟ್ಟಿಸಿದ. ಬಾಗಿಲಿಟ್ಟರೆ ಬೀಗದ ಕೈ ಯಾರ ಬಳಿ ಎಂದು ಮತ್ತೆ ಹೊಡೆದಾಟ. ಆದ್ದರಿಂದ ಬಾಗಿಲೇ ಬೇಡ ಎಂದ.

ರಕ್ತ ಬಿದ್ದ ಮೇಲೆ ಅಧಿಕಾರಿಯ ಕಣ್ಣಿಗೆ ಪಟ್ಟಣದಲ್ಲಿ ಜಾಗ ಕಾಣಿಸತೊಡಗಿತು. ಚರ್ಚಿಗೆ ಪಡುವಲಲ್ಲಿ ಕೊಟ್ಟ, ಮಸೀದಿಗೆ ಬಡಗಲಲ್ಲಿ ಕೊಟ್ಟ. ಎರಡೂ ಒಳ್ಳೆಯ ನೆಲ, ಎರಡೂ ಮೊದಲಿನಿಂದ ಅಲ್ಲೇ ಖಾಲಿ ಬಿದ್ದಿದ್ದವು. ಕಟ್ಟಡಗಳು ಎದ್ದವು. ಮೂಡಲ ಬಯಲು ಯಾರಿಗೂ ಬೇಡವಾಯಿತು.

ರೊಟ್ಟಿಯವನ ಹೆಂಡತಿ ಹಿರಿಯನ ಮನೆಗೆ ಹೋದಳು. "ನಿಮಗೆ ಜಾಗ ಸಿಕ್ಕಿತಲ್ಲ, ನನ್ನ ಗಂಡನನ್ನು ಕೊಡಿ" ಎಂದಳು.

"ಹೂತದ್ದನ್ನು ಅಗೆಯುವಂತಿಲ್ಲ. ಕಟ್ಟಳೆ ಗೊತ್ತಿಲ್ಲವೇ?" ಎಂದ ಹಿರಿಯ.

ಆ ಬಯಲಿಗೆ ಹಿರಿಯರು ಯಾರೂ ಏನನ್ನೂ ತೆರಲಿಲ್ಲ. ಅಧಿಕಾರಿಯೂ ತೆರಲಿಲ್ಲ. ಮಾಳಿಗೆಯ ಮೇಲಿದ್ದವರು ಇಳಿದು ಊಟಕ್ಕೆ ಹೋದರು. ಮಗಳ ಪಕ್ಕದ ನೆಲದಲ್ಲಿ ಹುಲ್ಲು ಬೆಳೆಯಿತು. ಸತ್ತವರ ದಿನ ಬಂದಾಗಲೆಲ್ಲ ಅವಳು ದೀಪ ಹಿಡಿದು ಗೋಡೆಯನ್ನು ಸುತ್ತುತ್ತಿದ್ದಳು. ಒಳಗೆ ಗಂಡ ಎಲ್ಲಿ ಮಲಗಿದ್ದಾನೆ ಎಂಬುದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ಲಾಳ ಕಟ್ಟುವವನು ಒಮ್ಮೊಮ್ಮೆ ಅಲ್ಲೇ ಸಿಗುತ್ತಿದ್ದ. "ಈ ಕಡೆ ಇರಬಹುದು ಅಕ್ಕಾ" ಎನ್ನುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ. ಕಾಲು ಸೋತಲ್ಲಿ ಅವಳು ಗೋಡೆಯ ಬುಡಕ್ಕೆ ದೀಪ ಇಟ್ಟು ಮನೆಗೆ ಬರುತ್ತಿದ್ದಳು. ಸಾಯುವವರೆಗೂ ಹಾಗೇ ಮಾಡಿದಳು.

ತುಂಗಮ್ಮ ಕತೆ ನಿಲ್ಲಿಸಿದರು. ಶ್ರೀಪತಿ ಚೀಲದ ಬಾಯಿ ಕಟ್ಟಿದ.

"ಅಮ್ಮಾ, ಅದು ಹೆಣದ ಮಾತು" ಎಂದ. "ನಾವು ಇಡುತ್ತಿರುವುದು ದೇವರನ್ನು."

"ಹಾಗಾದರೆ ಹೇಳು, ನಾಳೆ ಬೆಳಿಗ್ಗೆ ನಿಮ್ಮಮ್ಮ ಯಾವ ಗೋಡೆಯ ಬುಡಕ್ಕೆ ದೀಪ ಇಡಬೇಕು?" ಎಂದರು ತುಂಗಮ್ಮ.